ಸಂಪಿನ ಮುಚ್ಚಳ
ಮೂಡಲಪಾಳ್ಯದ ನಮ್ಮ ಗಲ್ಲಿಯಲ್ಲಿ ಕಾವೇರಿ ನೀರು ಬಂದ ದಿನ ಸಂಪುಗಳ ಮುಚ್ಚಳ ತೆರೆಯುತ್ತದೆ. ಮೊನ್ನೆ ಅಂಥದ್ದೊಂದರ ಅಂಚಿನಲ್ಲಿ ಎರಡು ವರ್ಷದ ಮಗು ಬಗ್ಗಿತ್ತು. ತಾಯಿ ಒಳಗೆ ವುಝೂ ಮಾಡುತ್ತಿದ್ದರು. ಓಡಿ ಬಂದು ಅಂಗಿ ಹಿಡಿದೆಳೆದಾಗ ಒಂದು ಕಾಲು ಒಳಗಿಳಿದಿತ್ತು. ಅಲ್ಹಮ್ದುಲಿಲ್ಲಾಹ್, ಮಗು ಉಳಿಯಿತು.

ಸಹೋದರಿಯರೇ, ಮುಳುಗುವ ಮಗು ಕೂಗುತ್ತದೆಂದು ಕಾಯಬೇಡಿ. ಬಾಯಿ ನೀರಿನಲ್ಲಿದ್ದರೆ ದನಿ ಎಲ್ಲಿಂದ ಬರಬೇಕು? ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ಮೇಲೇಳಲಾರದು. ಗೇಣು ನೀರೂ ಸಾಕು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಿರೆಂದು ಪ್ರವಾದಿ(ಸ) ಕಲಿಸಿದ ಸಮುದಾಯ ನಾವು. ಸಂಪಿಗೆ ಬೀಗವಿರಲಿ, ಬಕೆಟ್ ಬೋರಲಾಗಿರಲಿ.

ಬಿದ್ದ ಮಗುವನ್ನು ತಲೆಕೆಳಗೆ ಹಿಡಿದು ಹೊಟ್ಟೆ ಅದುಮುವ ರೂಢಿ ಬಿಡಿ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಯಿಂದ ಉಸಿರೂದಿ, ಎದೆ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.