ಕುಂಡದ ತಳದ ರಂಧ್ರ

ಅಲಂಕಾರಕ್ಕೆಂದು ಕೊಂಡೊಯ್ದ ಸಕ್ಯುಲೆಂಟ್ ಗಿಡ ಕೊಳೆತುಹೋಯಿತೆಂದು ಗ್ರಾಹಕರು ತಿಂಗಳೊಳಗೆ ದೂರುವುದು ನರ್ಸರಿ ವರ್ತಕರಿಗೆ ಹೊಸತಲ್ಲ. ‘ಆರೈಕೆಯೇ ಬೇಡ’ ಎಂದು ಮಾರಲ್ಪಟ್ಟ ಈ ಗಿಡ ಸಾಯುವುದು ಬಹುಮಟ್ಟಿಗೆ ಅತಿ ಆರೈಕೆಯಿಂದಲೇ.

ಲೋಳೆಸರ, ಜೇಡ್, ಹಾವರ್ಥಿಯ, ಎಚೆವೇರಿಯಗಳ ದಪ್ಪ ಎಲೆಗಳೇ ನೀರಿನ ಸಂಗ್ರಹಾಗಾರ. ಈ ಬಗೆಯ ಬಹುತೇಕ ಸಸ್ಯಗಳು ಪತ್ರರಂಧ್ರಗಳನ್ನು ಹಗಲು ಮುಚ್ಚಿ ಇರುಳಿನಲ್ಲಿ ತೆರೆಯುವುದರಿಂದ ಆವಿಯಾಗಿ ಹೋಗುವ ನೀರು ಅತ್ಯಲ್ಪ. ಮಣ್ಣು ಪೂರ್ತಿ ಒಣಗಿದ ಬಳಿಕವಷ್ಟೇ ನೀರುಣಿಸತಕ್ಕದ್ದು. ಬೆಂಗಳೂರಿನ ಬೇಸಿಗೆಗೆ ಹೊಂದುವ ಕ್ರಮ ಮಂಗಳೂರಿನ ಮಳೆಗಾಲಕ್ಕೆ ಹೊಂದದು. ಬೆಳಕಿನಲ್ಲಿಯೂ ಭೇದವುಂಟು: ಹಾವರ್ಥಿಯ ಮಂದ ಬೆಳಕನ್ನು ಸಹಿಸುತ್ತದೆ; ಎಚೆವೇರಿಯವನ್ನು ಕತ್ತಲ ಮೂಲೆಯಲ್ಲಿಟ್ಟರೆ ಕಾಂಡ ಉದ್ದಕ್ಕೆ ಚಾಚಿ ಅಂದಗೆಡುತ್ತದೆ.

ನಿಜವಾದ ತೊಡಕಿರುವುದು ಕುಂಡದಲ್ಲಿ. ಗ್ರಾಹಕರ ಕಣ್ಣು ಹೊಳೆಯುವ ಪಿಂಗಾಣಿ ಬಟ್ಟಲುಗಳತ್ತ. ಅವುಗಳಲ್ಲಿ ಅನೇಕಕ್ಕೆ ತಳದಲ್ಲಿ ರಂಧ್ರವೇ ಇರದು. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ, ದೂರು ಮಾತ್ರ ಗಿಡದ ಮೇಲೆ! ಮೆರುಗು ಹಚ್ಚದ ಸುಟ್ಟಮಣ್ಣಿನ ಕುಂಡವಾದರೋ ತನ್ನ ಗೋಡೆಯ ಮೂಲಕವೂ ತೇವವನ್ನು ಹೊರಬಿಡುತ್ತದೆ. ಕುಂಬಾರಿಕೆಗೆ ಹೆಸರಾದ ಬೆಳಗಾವಿ ಜಿಲ್ಲೆಯ ಖಾನಾಪುರದಂತಹ ಊರುಗಳ ಕಿರು ಉತ್ಪಾದಕರು ಮೂರು–ನಾಲ್ಕು ಅಂಗುಲದ, ರಂಧ್ರವುಳ್ಳ, ತಟ್ಟೆಸಹಿತ ಕುಂಡಗಳತ್ತ ಗಮನ ಹರಿಸಬಹುದು. ಮೇಜಿನ ಮೇಲೆ ಕಲೆಯಾಗುವುದೆಂಬ ಗೃಹಿಣಿಯರ ಆಕ್ಷೇಪಕ್ಕೆ ಆ ತಟ್ಟೆಯೇ ಉತ್ತರ.

ಗಿಡದ ಕಡೆಯಿಂದ ಬಂಡವಾಳದ ಭಾರ ಹೆಚ್ಚಿಲ್ಲ. ಎಚೆವೇರಿಯದ ಎಲೆಯನ್ನು ಬುಡಸಹಿತ ಬಿಡಿಸಿ, ಕೆಲದಿನ ಗಾಯ ಒಣಗಿಸಿ, ಮರಳುಮಿಶ್ರಿತ ಮಣ್ಣಿನ ಮೇಲಿರಿಸಿದರೆ ಕೆಲವೇ ವಾರಗಳಲ್ಲಿ ಬೇರು ಮೂಡುತ್ತದೆ. ಮಾರಾಟದ ಗಾತ್ರಕ್ಕೆ ಬರಲು ತಿಂಗಳುಗಳೇ ಬೇಕು.