ಊದಿದ ಕೆಚ್ಚಲಿಗೆ ನೀರಿಳಿಸುವ ಇಂಜೆಕ್ಷನ್: ಯಾವಾಗ ಬೇಕು, ಯಾವಾಗ ಬೇಡ?



ಕರು ಹಾಕುವ ಹೊತ್ತಿಗೆ ಹಸುವಿನ ಕೆಚ್ಚಲು ಊದುವುದು ಸಾಮಾನ್ಯ. ಮೊದಲ ಸೂಲಿನ ಕಡಸುಗಳಲ್ಲಿ ಇದು ಹೆಚ್ಚು. ಊತ ಹೊಕ್ಕುಳದವರೆಗೂ ಹರಡಿ ಹಾಲು ಕರೆಯುವುದೇ ಕಷ್ಟವಾದರೆ ಪಶುವೈದ್ಯರು ಫ್ಯೂರೋಸೆಮೈಡ್ ಇಂಜೆಕ್ಷನ್ ಕೊಡುವುದುಂಟು. ಮನುಷ್ಯರಿಗೆ ಲ್ಯಾಸಿಕ್ಸ್ ಎಂದು ಸಿಗುವ ಔಷಧವೂ ಇದೇ. ಹಾಗೆಂದು ಮನೆಯಲ್ಲಿರುವ ಮಾತ್ರೆಯನ್ನು ಹಸುವಿಗೆ ಕೊಡಬೇಡಿ.

ಮೊದಲು ಊತ ಯಾವುದೆಂದು ನೋಡಿ

ಕೆಚ್ಚಲನ್ನು ಬೆರಳಿನಿಂದ ಒತ್ತಿ ಬಿಡಿ. ಗುಳಿ ಹಾಗೇ ಉಳಿದು, ಹಾಲು ಚೆನ್ನಾಗಿದ್ದರೆ ಅದು ಬಹುಮಟ್ಟಿಗೆ ನೀರಿನ ಊತ. ಕೆಚ್ಚಲು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ಹಸು ಒದೆಯುತ್ತಿದ್ದರೆ, ಹಾಲಿನಲ್ಲಿ ಗರಣೆ ಅಥವಾ ರಕ್ತ ಕಂಡರೆ ಅದು ಕೆಚ್ಚಲು ಬಾವು ಇರಬಹುದು. ಬಾವಿನ ಸೋಂಕನ್ನು ನೀರಿಳಿಸುವ ಔಷಧ ವಾಸಿ ಮಾಡುವುದಿಲ್ಲ; ದಿನ ಕಳೆದಷ್ಟೂ ಕೆಚ್ಚಲು ಹಾಳಾಗುತ್ತದೆ.

ಅಪಾಯ ಎಲ್ಲಿದೆ?

ಈ ಔಷಧ ಮೂತ್ರಪಿಂಡದ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕುತ್ತದೆ. ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಹೋಗುತ್ತವೆ. ಆಗತಾನೇ ಕರು ಹಾಕಿದ ಹಸುವಿನ ಕ್ಯಾಲ್ಸಿಯಂ ಗಿಣ್ಣು ಹಾಲಿಗೇ ಹರಿಯುತ್ತಿರುತ್ತದೆ. ಇನ್ನಷ್ಟು ಕಡಿಮೆಯಾದರೆ ಹಾಲು ಜ್ವರ ಬರಬಹುದು: ಕಿವಿ ತಣ್ಣಗಾಗುತ್ತದೆ, ಕಾಲು ತಡವರಿಸುತ್ತದೆ, ಹಸು ಕತ್ತು ಹೊರಳಿಸಿ ಮಲಗಿಬಿಡುತ್ತದೆ. ಆಗ ತಡಮಾಡದೆ ವೈದ್ಯರನ್ನು ಕರೆಯಿರಿ.

ಆದ್ದರಿಂದ ಇಂಜೆಕ್ಷನ್‌ಗೆ ಮುಂಚೆಯೇ ವೈದ್ಯರಿಗೆ ಹೇಳಿ: ಹಿಂದಿನ ಸೂಲಿನಲ್ಲಿ ಹಾಲು ಜ್ವರ ಬಂದಿತ್ತೇ? ಹಸು ಮೇವು ಬಿಟ್ಟಿದೆಯೇ, ಭೇದಿ ಇದೆಯೇ? ಬೇರೆ ಯಾವ ಔಷಧ ನಡೆಯುತ್ತಿದೆ? ಜೆಂಟಾಮೈಸಿನ್‌ನಂಥ ಔಷಧದ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಊತ ಇಳಿಯಲೆಂದು ಹಸುವಿಗೆ ಕುಡಿಯುವ ನೀರು ಕಡಿಮೆ ಮಾಡಲೇಬೇಡಿ.

ಹಾಲನ್ನು ಡೇರಿಗೆ ಯಾವಾಗ ಹಾಕಬಹುದು?

ಅಮೆರಿಕದ ಲೇಬಲ್‌ನಲ್ಲಿ ಕೊನೆಯ ಇಂಜೆಕ್ಷನ್ ಆದ ಮೇಲೆ 48 ಗಂಟೆ, ಅಂದರೆ ನಾಲ್ಕು ಹೊತ್ತಿನ ಹಾಲು, ಬಳಸಬಾರದೆಂದಿದೆ. ನಮ್ಮ ದೇಶದಲ್ಲಿ, ಔಷಧಕ್ಕೆ ಇಷ್ಟೇ ಅವಧಿ ಎಂದು ಖಚಿತಪಡಿಸಿಲ್ಲದಿದ್ದರೆ, ಹಾಲಿಗೆ ಕನಿಷ್ಠ 7 ದಿನ ಬಿಡಬೇಕು ಎಂಬುದು 2012ರ ನಿಯಮ. ಸೀಸೆಯ ಮೇಲಿನ ಬರಹವನ್ನು ವೈದ್ಯರಿಂದ ಓದಿಸಿಕೊಳ್ಳಿ. ಕೊನೆಯ ಇಂಜೆಕ್ಷನ್ ದಿನ, ಹೊತ್ತು ಎರಡನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಅವಧಿ ಮುಗಿಯುವ ತನಕ ಆ ಹಸುವಿನ ಹಾಲನ್ನು ಬೇರೆಯಾಗಿಯೇ ಕರೆದಿಡಿ. ಮನೆಯ ಮಕ್ಕಳಿಗೂ ಕೊಡಬೇಡಿ. ಕರುವಿಗೆ ಗಿಣ್ಣು ಹಾಲು ಹೇಗೆಂದು ಅಲ್ಲೇ ಕೇಳಿ.

ಔಷಧಕ್ಕೆ ಮುಂಚೆ ನಿಮ್ಮ ಕೈಯಲ್ಲಿರುವುದು

ತುಂಬು ಗಬ್ಬದ ಕೊನೆಯ ಮೂರು ವಾರ ಉಪ್ಪು ಹೆಚ್ಚು ಹಾಕಬೇಡಿ. ದಿನವೂ ಸ್ವಲ್ಪ ನಡೆಸಿ. ಕರು ಹಾಕಿದ ಮೇಲೆ ಕೆಚ್ಚಲನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ನೀವಿ, ದಿನಕ್ಕೆ ಮೂರು-ನಾಲ್ಕು ಸಲ ಸ್ವಲ್ಪ ಸ್ವಲ್ಪ ಕರೆಯಿರಿ. ಸಾಧಾರಣ ಊತ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಔಷಧದ ಅಂಗಡಿಗೆ ಹೋಗುವ ಬದಲು ನಿಮ್ಮ ಸಂಘದ ಮೂಲಕ ಪಶುವೈದ್ಯರನ್ನು ಕರೆಸಿ.