ಅಕ್ಕನ 137 ದಿನಗಳು

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಎಲ್ಲದಕ್ಕೂ ತಾರೀಖು ಬರೆದಿಡುವ ಚಟ ನಿವೃತ್ತಿಯಾದ ಮೇಲೂ ಹೋಗಿಲ್ಲ. ನನ್ನ ಅಕ್ಕನ ಕಾಯಿಲೆಯ ಲೆಕ್ಕವೂ ಡೈರಿಯಲ್ಲಿದೆ.

ನಾಗರ ಪಂಚಮಿಯ ದಿನ ಸ್ನಾನ ಮಾಡುವಾಗ ಅಕ್ಕನ ಎದೆಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ನಾಚಿಕೆಯಿಂದ ಸುಮ್ಮನಿದ್ದಳು. ದಸರಾ ಕಳೆದ ಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದಳು. ಅಲ್ಲಿಗೆ 70 ದಿನ. "ದೀಪಾವಳಿ ಮುಗಿಯಲಿ, ಆಮೇಲೆ ತೋರಿಸೋಣ" ಎಂದವನು ನಾನೇ. ಮತ್ತೆ 20 ದಿನ.

ಜೊಯಿಡಾದ ವೈದ್ಯರು ನೋಡಿದ ದಿನವೇ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ನಮ್ಮದು ಕಾಡಿನ ನಡುವಿನ ಹಳ್ಳಿ. ದಾಂಡೇಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಜೊತೆಗೆ ಹೋಗುವವರು ಯಾರು, ಅವಳ ದನ ನೋಡುವವರು ಯಾರು ಎಂದು ಗೊತ್ತು ಮಾಡುವುದಕ್ಕೇ 12 ದಿನ. ಸೂಜಿಯಿಂದ ತೆಗೆದ ಚೂರಿನ ವರದಿ ಬರಲು 10 ದಿನ. ಕ್ಯಾನ್ಸರ್ ಎಂದು ಖಚಿತವಾಯಿತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ಅಕ್ಕ ರೇಷನ್ ಕಾರ್ಡಿನಲ್ಲಿ 'ಗಂಗಾ', ಆಧಾರಿನಲ್ಲಿ 'ಗಂಗೂಬಾಯಿ'. ತಿದ್ದಿಸಲು 18 ದಿನ. ಶಸ್ತ್ರಚಿಕಿತ್ಸೆಯ ಸರದಿಗೆ 7 ದಿನ.

ಮೊಮ್ಮಗಳು ಕೂಡಿಸಿದಳು. "ಒಟ್ಟು 137. ಅಜ್ಜಾ, ಇದರಲ್ಲಿ 90 ದಿನ ಮನೆಯಲ್ಲೇ ಹೋಗಿದೆಯಲ್ಲ!"

ನನಗೆ ಮಾತು ಹೊರಡಲಿಲ್ಲ. ಬಸ್ಸು, ಕಚೇರಿ, ಆಸ್ಪತ್ರೆ ಎಂದು ಊರಿಗೆಲ್ಲ ದೂರುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮದ ಒಂದು ಗುರಿ, ರೋಗಿ ವೈದ್ಯರನ್ನು ಕಂಡ 60 ದಿನದೊಳಗೆ ರೋಗ ಖಚಿತವಾಗಬೇಕು ಎಂಬುದು. ನಮ್ಮದು 22 ದಿನಕ್ಕೇ ಆಗಿತ್ತು. ತಪ್ಪಿದ್ದು ವೈದ್ಯರ ಬಾಗಿಲಿಗೆ ಹೋಗುವ ಮೊದಲು.

ಅಜ್ಜಿಯರೇ, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲ ಎಂದು ಬಿಡಬೇಡಿ. ಚರ್ಮ ಒಳಕ್ಕೆ ಸೇದಿದರೂ, ತೊಟ್ಟಿನಿಂದ ರಕ್ತ ಬಂದರೂ ತೋರಿಸಿ. 30 ವರ್ಷ ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಇವತ್ತೇ ಅಜ್ಜಿಯ ಆಧಾರ್, ರೇಷನ್ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಇದೆಯೇ ನೋಡಿ.

ಅಕ್ಕ ಈಗ ಮನೆಯಲ್ಲಿದ್ದಾಳೆ. ಹಿತ್ತಲಲ್ಲಿ ಗೆಡ್ಡೆ ಅಗೆಯುತ್ತಾಳೆ. ಮುಂದಿನ ತಪಾಸಣೆಯ ತಾರೀಖು ನನ್ನ ಡೈರಿಯಲ್ಲಿದೆ. ಅದು ಹಬ್ಬದ ದಿನವೇ ಬಂದಿದೆ. ಹೋಗಿಯೇ ಬರುತ್ತೇವೆ.